ನಲವತ್ತು ದಾಟಿದ ಮೇಲೆ ಇಷ್ಟು ಸುಸ್ತು ಮಾಮೂಲಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನನಗೀಗ 44. ಮಗನಿಗೆ 8. ಒಂದು ವರ್ಷದಿಂದ ಮುಟ್ಟಿನ ಲೆಕ್ಕವೇ ತಪ್ಪಿದೆ. ಒಮ್ಮೆ 22 ದಿನಕ್ಕೇ ಬರುತ್ತದೆ, ಇನ್ನೊಮ್ಮೆ 50 ದಿನವಾದರೂ ಸುದ್ದಿಯಿಲ್ಲ. ಬಂದಾಗ ಮೊದಲ ಎರಡು ದಿನ ಮನೆಯಿಂದ ಹೊರಗೆ ಕಾಲಿಡಲು ಭಯ, ಅಷ್ಟು ಹೋಗುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಮಗನ ಮೇಲೆ ಸುಮ್ನೆ ರೇಗುತ್ತೇನೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತೇನೆ. ಡಾಕ್ಟರ ಹತ್ತಿರ ಹೋಗಿದ್ದೆ. "ವಯಸ್ಸಾಯ್ತಲ್ಲ, ಹೀಗೇ ಇರುತ್ತೆ" ಅಂತ ಎರಡೇ ನಿಮಿಷದಲ್ಲಿ ಕಳಿಸಿದರು. ನಿಜವಾಗಿಯೂ ಹೀಗೇನಾ? ಇದನ್ನು ದಾಟಿ ಬಂದವರು ಏನು ಮಾಡಿದಿರಿ?

51 ವರ್ಷ, ಇಬ್ಬರು ಮಕ್ಕಳು

ನಿಮ್ಮ ಪ್ರಶ್ನೆ ಓದಿ ಏಳು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ನನಗೂ ಅದೇ ಮಾತು ಹೇಳಿದ್ದರು, ನಾನೂ ನಂಬಿದ್ದೆ. ಒಂದೂವರೆ ವರ್ಷ ಸುಮ್ಮನಿದ್ದೆ. ಕೊನೆಗೆ ಒಂದು ದಿನ ಅಡುಗೆಮನೆಯಲ್ಲೇ ತಲೆ ತಿರುಗಿ ಕೂತುಬಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.9. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೇ ರಕ್ತಹೀನತೆ ಅನ್ನುತ್ತಾರೆ. ಹಾಗಾದರೆ ನನ್ನದು ಎಲ್ಲಿತ್ತು ನೋಡಿ!

ವಯಸ್ಸಿನ ಮಾತು ಪೂರ್ತಿ ಸುಳ್ಳಲ್ಲ. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಹಾರ್ಮೋನು ಏರಿಳಿಯುತ್ತದೆ. ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ, ಒಮ್ಮೆಲೇ ಕಳಚುತ್ತದೆ. ರಕ್ತ ಜಾಸ್ತಿ ಹೋಗುವುದು ಅದಕ್ಕೇ. ಆದರೆ "ವಯಸ್ಸು" ಅನ್ನುವ ಒಂದೇ ಪದದ ಕೆಳಗೆ ಬೇರೆ ಏನೇನೋ ಅಡಗಿ ಕೂತಿರುತ್ತವೆ. ನನಗೆ ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಗಡ್ಡೆ ಸಿಕ್ಕಿತು. ನನ್ನ ಗೆಳತಿಗೆ ಥೈರಾಯ್ಡ್ ತೊಂದರೆ ಇತ್ತು. ಅದರಲ್ಲೂ ಸುಸ್ತು, ಮುಟ್ಟಿನ ಏರುಪೇರು, ಸಿಡುಕು ಎಲ್ಲಾ ಹೀಗೇ ಇರುತ್ತದೆ.

ಮೊದಲು ಮೂರು ಪರೀಕ್ಷೆ ಕೇಳಿ: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿಯಿದ್ದೂ ಇದು ತಳ ಕಂಡಿರಬಹುದು, ಆಗಲೂ ಸುಸ್ತಾಗುತ್ತದೆ. ಇದನ್ನು ನಾವಾಗಿ ಕೇಳದಿದ್ದರೆ ಎಷ್ಟೋ ಸಲ ಬರೆದೇ ಕೊಡುವುದಿಲ್ಲ.

ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗದಿದ್ದರೆ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿ. ನನಗೆ ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದರು, ಒಗ್ಗಿತು. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಇದರ ಜೊತೆಗೆ ಬೇಡ, ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ಮಲ ಕಪ್ಪಗಾದರೆ ಗಾಬರಿ ಬೇಡ. ನಾನು ಗಾಬರಿಯಾಗಿ ರಾತ್ರಿಯೆಲ್ಲ ಕೂತಿದ್ದೆ! ರಕ್ತ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಯಿತು.

46 ವರ್ಷ

ನಾನು ಗರ್ಭಕೋಶ ತೆಗೆಸಿದೆ. ನೆಮ್ಮದಿಯಾಗಿದ್ದೇನೆ. ಮಕ್ಕಳಾದ ಮೇಲೆ ಅದು ಯಾಕೆ ಬೇಕು ಹೇಳಿ? ತೆಗೆಸಿಬಿಡಿ.

53 ವರ್ಷ, ಮೇಲಿನವರಿಗೆ

ಅಕ್ಕ, ನಿಮಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಇಷ್ಟು ಸಲೀಸಾಗಿ ಹೇಳಬೇಡಿ. ನನಗೆ 41ಕ್ಕೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರು. "ಹೇಗೂ ತೆಗೀತಿದ್ದೀವಲ್ಲ, ಅದೂ ಹೋಗಲಿ" ಅಂದಿದ್ದರು. ಅದರ ಅರ್ಥ ಏನು ಅಂತ ನಾನೂ ಕೇಳಲಿಲ್ಲ. ಆಪರೇಷನ್ ಆಗಿ ವಾರವೂ ಕಳೆದಿರಲಿಲ್ಲ, ಮೈಯೆಲ್ಲ ಕೆಂಡ. ಉಳಿದವರಿಗೆ ವರ್ಷಗಟ್ಟಲೆ ಮೆಲ್ಲಗೆ ಆಗುವುದು ನನಗೆ ಒಂದೇ ದಿನದಲ್ಲಿ ಆಗಿಹೋಯಿತು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಅಷ್ಟು ಬೇಗ ನಿಂತರೆ ಮೂಳೆ ಸವೆಯುವ ಅಪಾಯ, ಹೃದಯದ ಕಾಯಿಲೆಯ ಅಪಾಯ ಎರಡೂ ಹೆಚ್ಚುತ್ತವೆ. ಅಂಥವರಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಐದು ವರ್ಷ ಆದ ಮೇಲೆ.

ಆಪರೇಷನ್ ಬೇಕೇ ಬೇಕಾದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮುಂಚೆ ಬೇರೆ ದಾರಿ ಇದೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಹಾರ್ಮೋನು ಬಿಡುವ ಕಾಯಿಲ್ (ಐಯುಡಿ) ಇದೆ, ಕಾಪರ್-ಟಿ ಹಾಗೆ ಗರ್ಭಕೋಶದೊಳಗೆ ಇಡುತ್ತಾರೆ. ಅದು ಒಳಪದರವನ್ನೇ ತೆಳು ಮಾಡುತ್ತದೆ. ನನ್ನ ತಂಗಿಗೆ ಅದನ್ನೇ ಹಾಕಿದರು. ಮೊದಲ ನಾಲ್ಕು ತಿಂಗಳು ಆಗಾಗ ಕಲೆ ಕಾಣುತ್ತಿತ್ತು, ಬೈದುಕೊಳ್ಳುತ್ತಿದ್ದಳು. ಆಮೇಲೆ ಮುಟ್ಟೇ ಹೆಚ್ಚುಕಡಿಮೆ ನಿಂತಿತು. ಆಪರೇಷನ್ ಅಂದರೆ ಒಂದು ಪ್ರಶ್ನೆ ಕೇಳದೆ ಸಹಿ ಹಾಕಬೇಡಿ: "ಅಂಡಾಶಯ ಉಳಿಸುತ್ತೀರಾ? ಇಲ್ಲದಿದ್ದರೆ ಯಾಕೆ?"

ಸ್ತ್ರೀರೋಗ ವಿಭಾಗದ ನರ್ಸ್, 48

ಎರಡು ನಿಮಿಷದಲ್ಲಿ ಕಳಿಸಿದರು ಅಂದಿರಲ್ಲ. ಅದಕ್ಕೊಂದು ಉಪಾಯ ಹೇಳುತ್ತೇನೆ. "ತುಂಬಾ ಹೋಗುತ್ತೆ ಡಾಕ್ಟ್ರೇ" ಅಂದರೆ ಯಾರಿಗೂ ಅಳತೆ ಸಿಗುವುದಿಲ್ಲ. ಮೂರು ತಿಂಗಳು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಯಾವತ್ತು ಬಂತು, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಗಡ್ಡೆಯಾಗಿ ಹೋಯಿತಾ, ರಾತ್ರಿ ಎದ್ದು ಬದಲಾಯಿಸಿದಿರಾ. ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಮಾತೇ ಬದಲಾಗುತ್ತದೆ, ನಾನು ದಿನಾ ನೋಡುತ್ತೇನೆ. ಅದಕ್ಕೂ ಕೇಳದಿದ್ದರೆ ಡಾಕ್ಟರನ್ನೇ ಬದಲಾಯಿಸಿ. ರಕ್ತ ಪರೀಕ್ಷೆಗೆ ಮಾತ್ರ ಮೂರು ತಿಂಗಳು ಕಾಯಬೇಡಿ, ಈ ವಾರವೇ ಮಾಡಿಸಿ.

ಗಂಟೆಗೊಂದು ಪ್ಯಾಡ್ ತೊಯ್ದು, ಎರಡು ಮೂರು ಗಂಟೆ ಹಾಗೇ ಮುಂದುವರಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ತಲೆ ಸುತ್ತು, ಎದೆ ಡವಡವ ಇದ್ದರಂತೂ ತಡ ಮಾಡಲೇಬೇಡಿ. ಎರಡು ಮುಟ್ಟಿನ ನಡುವೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಇವನ್ನೂ ತೋರಿಸಬೇಕು. ನಿಮ್ಮ ವಯಸ್ಸಿನಲ್ಲಿ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು. ಬಯಾಪ್ಸಿ ಅಂದ ತಕ್ಷಣ ಕ್ಯಾನ್ಸರ್ ಅಂತ ಅಳುತ್ತಾ ಬರುತ್ತಾರೆ. ಹೆಚ್ಚಿನವರಿಗೆ ಏನೂ ಇರುವುದಿಲ್ಲ.

ಇನ್ನೊಂದು, ಇದು ನಿಮ್ಮ ಅಮ್ಮ, ಅತ್ತೆಗೂ ಹೇಳಿ. 12 ತಿಂಗಳು ಪೂರ್ತಿ ಮುಟ್ಟು ಬಾರದಿದ್ದರೆ ಅದು ಮೆನೋಪಾಸ್. ಅದಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತೋರಿಸಲೇಬೇಕು. "ಮತ್ತೆ ಶುರುವಾಯ್ತು" ಅಂತ ನಗುತ್ತಾ ಮನೆಯಲ್ಲಿ ಕೂರುವ ವಿಷಯ ಅಲ್ಲ.

47 ವರ್ಷ, ಮೂವರು ಮಕ್ಕಳು, ಹೌದು ಮೂವರು

50 ದಿನ ಬರಲಿಲ್ಲ ಅಂದಿರಲ್ಲ, ಪ್ರೆಗ್ನೆನ್ಸಿ ಟೆಸ್ಟ್ ಮಾಡಿದಿರಾ? ನಗಬೇಡಿ. ನಾನೂ ಮೆನೋಪಾಸ್ ಅಂತಲೇ ಅಂದುಕೊಂಡಿದ್ದೆ. ಎರಡು ಗೆರೆ ಬಂತು. ಆ ಮೆನೋಪಾಸ್‌ಗೆ ಈಗ ನಾಲ್ಕು ವರ್ಷ, ಪಕ್ಕದಲ್ಲೇ ಗೋಡೆಯ ಮೇಲೆ ಚಿತ್ರ ಬಿಡಿಸುತ್ತಿದೆ. 50ರ ಒಳಗೆ ಮುಟ್ಟು ನಿಂತರೆ ಎರಡು ವರ್ಷ, 50 ದಾಟಿ ನಿಂತರೆ ಒಂದು ವರ್ಷ ಗರ್ಭನಿರೋಧಕ ಬಿಡಬಾರದು ಅಂತ ಆಮೇಲೆ ಹೇಳಿದರು.

52 ವರ್ಷ

ನಿದ್ದೆಯ ಬಗ್ಗೆ ಯಾರೂ ಹೇಳಲಿಲ್ಲ. ರಾತ್ರಿ ಎದ್ದಾಗ ಕುತ್ತಿಗೆ, ಬೆನ್ನು ಬೆವೆತಿರುತ್ತದಾ ನೋಡಿ. ನನಗೆ ನೈಟಿ ಹಿಂಡುವಷ್ಟು ಬೆವರು. ಎರಡು ವರ್ಷ ಫ್ಯಾನ್ ಹಾಕು, ಆರಿಸು ಅಂತ ಗಂಡನ ಜೊತೆ ಜಗಳ. ಹಾರ್ಮೋನು ಚಿಕಿತ್ಸೆ ಅಂದರೆ ಸ್ತನ ಕ್ಯಾನ್ಸರ್ ಅಂತ ಎಲ್ಲರೂ ಹೆದರಿಸಿದ್ದರು. ಆ ಹೆದರಿಕೆ ದೊಡ್ಡದಾಗಿದ್ದು 2002ರಲ್ಲಿ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಅಧ್ಯಯನದ ಒಂದು ಭಾಗವನ್ನು, ಹಾರ್ಮೋನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು ಅಂತ, ಮಧ್ಯದಲ್ಲೇ ನಿಲ್ಲಿಸಿದರು. ಆದರೆ ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63! ಆ ಲೆಕ್ಕವನ್ನು 48ರ ನನಗೆ ಹಾಗೆಹಾಗೇ ಅಂಟಿಸಿದ್ದರು. 60ರ ಒಳಗೆ, ಇಲ್ಲವೇ ಮುಟ್ಟು ನಿಂತು 10 ವರ್ಷದ ಒಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಅಂತ ಈಗ ವೈದ್ಯರು ಹೇಳುತ್ತಾರೆ. ಅಪಾಯ ಸೊನ್ನೆ ಅಂತಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮ ಹಾಗೆ ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಮೊದಲು ಅದನ್ನು ಪತ್ತೆ ಮಾಡಬೇಕು. ನಾನು ಈಸ್ಟ್ರೋಜನ್ ಪ್ಯಾಚ್ ಮೈಗೆ ಹಚ್ಚಿಕೊಳ್ಳುತ್ತೇನೆ. ಗರ್ಭಕೋಶ ಇರುವುದರಿಂದ, ಒಳಪದರ ದಪ್ಪಗಾಗದಿರಲಿ ಅಂತ ಪ್ರೊಜೆಸ್ಟರಾನ್ ಹಾರ್ಮೋನು ಕೂಡ ಇದೆ. ಮೂರನೇ ವಾರಕ್ಕೆ ರಾತ್ರಿಯೆಲ್ಲ ನಿದ್ದೆ ಮಾಡಿದೆ.

39 ವರ್ಷ, ಎರಡು ನಾರ್ಮಲ್ ಹೆರಿಗೆ

ಮೆನೋಪಾಸ್ ಇನ್ನೂ ಬಂದಿಲ್ಲ, ಆದರೂ ಒಂದು ಮಾತು. ಸೀನಿದರೆ ಮೂತ್ರ ಸೋರುತ್ತಿತ್ತು. ಐದು ವರ್ಷ ಯಾರಿಗೂ ಹೇಳದೆ ಪ್ಯಾಡ್ ಇಟ್ಟುಕೊಂಡು ಓಡಾಡಿದೆ. ಮೂತ್ರ ತಡೆಯುವ ಸ್ನಾಯು ಬಿಗಿಯುವ ಕೀಗಲ್ ವ್ಯಾಯಾಮ ಮಾಡಿದೆ, ಪ್ರಯೋಜನವಾಗಲಿಲ್ಲ. ಫಿಸಿಯೋಥೆರಪಿಸ್ಟ್ ನೋಡಿದ ಮೇಲೆ ಗೊತ್ತಾಯಿತು, ನಾನು ಒಳಗೆ ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಿದ್ದೆ! ಗ್ಯಾಸ್ ತಡೆಯುವಾಗ ಬಿಗಿಯಾಗುತ್ತದಲ್ಲ, ಅದೇ ಸ್ನಾಯು. 8 ಸಲ ಹಿಡಿದು ಬಿಡುವುದು, ದಿನಕ್ಕೆ 3 ಹೊತ್ತು. ಮೂರು ತಿಂಗಳಿಗೆ ಫಲ ಕಂಡಿತು.

ಮತ್ತೆ ಆ ಅಳು. ನನಗೆ ಎರಡನೇ ಹೆರಿಗೆ ನಂತರ ಖಿನ್ನತೆ ಆಗಿತ್ತು. ಹಾಗಾಗಿದ್ದವರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಮತ್ತೆ ಬರುವ ಸಾಧ್ಯತೆ ಜಾಸ್ತಿ ಅಂತ ನನ್ನ ಡಾಕ್ಟರು ಎಚ್ಚರಿಸಿದ್ದಾರೆ. ಮಗ ಹುಟ್ಟಿದಾಗ ನಿಮಗೆ ಹೇಗಿತ್ತು? ದಿನಾ ಅಳು ಬರುತ್ತಿದ್ದರೆ ಅದನ್ನೂ ಆ ಹಾಳೆಯಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಟೆಸ್ಟ್ ಮಾಡಿದೆ, ಒಂದೇ ಗೆರೆ! ಡಾಕ್ಟರನ್ನು ಬದಲಾಯಿಸಿದೆ. ಹಿಮೋಗ್ಲೋಬಿನ್ 8.8, ಫೆರಿಟಿನ್ 5, ಥೈರಾಯ್ಡ್ ಸರಿ ಇದೆ. ಗುರುವಾರ ಸ್ಕ್ಯಾನಿಂಗ್. ಮಗ ಹುಟ್ಟಿದಾಗಲೂ ಆರು ತಿಂಗಳು ಹೀಗೇ ಅಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಈ ಸಲ ಹೇಳಿದೆ. ಅವರು ಬರೆದುಕೊಂಡರು.

ಮಗನಿಗೂ ಹೇಳಿದೆ, ಅಮ್ಮನ ರಕ್ತದಲ್ಲಿ ಕಬ್ಬಿಣ ಕಡಿಮೆ ಇದೆ, ಅದಕ್ಕೇ ಸುಸ್ತು, ಸಿಟ್ಟು ಅಂತ. ಒಳಗೆ ಓಡಿಹೋಗಿ ಅಯಸ್ಕಾಂತ ತಂದು ನನ್ನ ಮುಂಗೈಗೆ ಹಿಡಿದು ನೋಡಿದ. ಅಂಟಲಿಲ್ಲ. "ನಿಜ ಅಮ್ಮಾ, ಇಲ್ವೇ ಇಲ್ಲ" ಅಂದ.