ಗ್ಯಾಂಟ್ಸೆ ಕೋಟೆ ಹತ್ತೋದಾ, ಕೆಳಗಿಂದಲೇ ನೋಡಿ ಬರೋದಾ?

ಸೆಪ್ಟೆಂಬರ್‌ನಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ಟಿಬೆಟ್‌ಗೆ ಹೊರಟಿದ್ದೇವೆ. ಲಾಸಾದಲ್ಲಿ ಮೂರು ರಾತ್ರಿ, ಆಮೇಲೆ ಯಾಮ್‌ಡ್ರೋಕ್ ಸರೋವರ, ಗ್ಯಾಂಟ್ಸೆ, ಶಿಗಾಟ್ಸೆ. ಏಜೆನ್ಸಿಯವರು ಗ್ಯಾಂಟ್ಸೆಗೆ ಕೊಟ್ಟಿರೋದು ಎರಡೇ ಗಂಟೆ, ಅದೂ ಊಟ ಸೇರಿ. ಅಪ್ಪನಿಗೆ 66, ಮಂಡಿ ನೋವು ಬೇರೆ. ಆದರೆ ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರು, ಗುಡ್ಡದ ನೆತ್ತಿಯ ಆ ಜೊಂಗ್ (ಟಿಬೆಟನ್ ಕೋಟೆ) ಫೋಟೋ ನೋಡಿದಾಗಿನಿಂದ ‘ಹತ್ತೇ ಹತ್ತುತ್ತೇನೆ’ ಅಂತ ಪಟ್ಟು ಹಿಡಿದಿದ್ದಾರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ಮೊದಲು ಆ ‘ಎರಡು ಗಂಟೆ’ಯನ್ನ ತೆಗೆಸಿ. ಮಂಡಿ ವಿಷಯ ಆಮೇಲೆ.

ಲಾಸಾ ಇರೋದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕಂಬಾ ಲಾ (‘ಲಾ’ ಅಂದ್ರೆ ಕಣಿವೆದಾರಿ) ಹತ್ತಿ, ಸರೋವರದ ದಂಡೆ ಹಿಡಿದು, 5,000 ಮೀಟರ್ ದಾಟುವ ಕರೋ ಲಾ ಕಣಿವೆ ಹಾದು ಗ್ಯಾಂಟ್ಸೆಗೆ ಇಳಿಯಬೇಕು. ಕರೋ ಲಾದಲ್ಲಿ ಹಿಮನದಿ ರಸ್ತೆ ಪಕ್ಕಕ್ಕೇ ಬಂದು ನಿಂತಿರುತ್ತೆ, ಎಲ್ಲರೂ ಇಳಿದು ಫೋಟೋಗೆ ಓಡ್ತಾರೆ. ನಾನೂ ಓಡಿದೆ. ಗ್ಯಾಂಟ್ಸೆ ತಲುಪುವಾಗ ತಲೆ ಸಿಡಿಯುತ್ತಿತ್ತು. ಅದೇ ಮಧ್ಯಾಹ್ನ ಕೋಟೆ ಹತ್ತೋಕೆ ಹೋಗಿ ಅರ್ಧ ದಾರಿಯಲ್ಲಿ ಗೋಡೆಗೆ ಒರಗಿ ಕೂತವನು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಆಗ ನನಗೆ 34.

ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಮತ್ತೆ ಹೋದೆ, ಬೇರೆಯದೇ ಗುಡ್ಡ ಅನ್ನಿಸಿತು. ಹತ್ತು ಹೆಜ್ಜೆ, ಒಂದು ನಿಲುಗಡೆ, ಅಷ್ಟೇ ಲೆಕ್ಕ. ಶಿಗಾಟ್ಸೆ ಅಲ್ಲಿಂದ 90 ಕಿಲೋಮೀಟರ್ ಆಸುಪಾಸು, ಮಧ್ಯಾಹ್ನ ಹೊರಟರೂ ಆರಾಮ. ಗಡಿಯಾರ ಮಾತ್ರ ಬೀಜಿಂಗ್‌ದು. ಅಲ್ಲಿ ಬೆಳಗ್ಗೆ ಎಂಟು ಅಂದ್ರೆ ನಮ್ಮಲ್ಲಿ ಐದೂವರೆ, ಹಾಗಾಗಿ ಬೇಗ ಎದ್ದು ಕತ್ತಲಲ್ಲಿ ಕೂರಬೇಡಿ.

ದಾರಿ ಬಹುಪಾಲು ಕಲ್ಲಿನ ಏರು, ಮೆಟ್ಟಿಲು. ಕೊನೆಯ ಗೋಪುರಕ್ಕೆ ಮಾತ್ರ ಕಡಿದಾದ ಮರದ ಏಣಿ, ಮಂಡಿಗೆ ಅದೇ ಪರೀಕ್ಷೆ. ಆ ಏಣಿ ಬಿಟ್ಟರೂ ನಷ್ಟವಿಲ್ಲ, ಕೆಳಗಿನ ತಾರಸಿಯಿಂದಲೇ ಎಲ್ಲ ಕಾಣುತ್ತೆ: ಒಂದು ಕಡೆ ನ್ಯಾಂಗ್ ಚು ನದಿ ಬಯಲು, ಬಾರ್ಲಿ ಹೊಲ, ಇನ್ನೊಂದು ಕಡೆ ಗುಡ್ಡದ ಬೆನ್ನಿನುದ್ದಕ್ಕೂ ಹರಿದ ಕೆಂಪು ಗೋಡೆ, ಅದರ ಮಡಿಲಲ್ಲಿ ಪಾಲ್ಖೋರ್ ಮಠ. ಲಾಸಾದ ಪೊಟಾಲಾ ಅರಮನೆಗಿಂತ ನನಗೆ ಇದೇ ಹೆಚ್ಚು ಇಷ್ಟವಾಯ್ತು. ಪೊಟಾಲಾದಲ್ಲಿ ಜನ ನಮ್ಮನ್ನ ತಳ್ಳುತ್ತಾ ಹೋಗ್ತಾರೆ, ಇಲ್ಲಿ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ.

ಹುಬ್ಬಳ್ಳಿಯಿಂದ

ಹತ್ತೂದು ಬಿಡೂದು ಆಮ್ಯಾಲ್ರಿ. ಅಲ್ಲಿ ಏನಾಗಿತ್ತು ಅನ್ನೂದು ತಿಳಕೊಂಡು ಹೋಗ್ರಿ, ಇಲ್ಲಾಂದ್ರ ಬರೇ ಗ್ವಾಡಿ ನೋಡಿ ಬಂದಂಗ ಆಕ್ಕೈತಿ.

14ನೇ ಶತಮಾನದ ಕೋಟಿ. 1904ರಾಗ ಬ್ರಿಟಿಷರ ಯಂಗ್‌ಹಸ್ಬೆಂಡ್ ಸಾಹೇಬ ದಂಡು ಕಟಗೊಂಡು ಸಿಕ್ಕಿಂ ಕಡೆಯಿಂದ ಹೊಕ್ಕಾಗ ಲಾಸಾ ದಾರಿಗೆ ಅಡ್ಡ ನಿಂತಿದ್ದು ಇದ. ಮಾರ್ಚ್ 31ಕ್ಕ ಗುರು ಅನ್ನೋ ಊರ ಹತ್ರ ಮ್ಯಾಕ್ಸಿಮ್ ಮಷೀನ್ ಗನ್ನಿನ ಮುಂದ ಬತ್ತಿ ಬಂದೂಕು ಹಿಡದ ನೂರಾರು ಟಿಬೆಟನ್ನರು ಸತ್ತರು. ಏಪ್ರಿಲ್‌ದಾಗ ಕೋಟಿ ಸಿಕ್ರೂ ಬ್ರಿಟಿಷರು ಅದರಾಗ ಉಳೀಲಿಲ್ಲ, ಕೆಳಗ ಬಯಲಾಗ ಬಿಡಾರ ಹೂಡಿದ್ರು. ಟಿಬೆಟನ್ನರು ತಿರುಗಿ ಬಂದು ಹೊಕ್ಕು ಕುಂತ್ರು. ಜುಲೈ 6ಕ್ಕ ತೋಪಿನಿಂದ ಗ್ವಾಡಿ ಒಡದ ಮ್ಯಾಲ ಗೂರ್ಖಾಗಳು ಬಂಡೆಗಲ್ಲು ಹತ್ತಿದ್ರು, ಮ್ಯಾಲಿಂದ ಕಲ್ಲಿನ ಮಳಿ. ಮುಂದ ಇದ್ದ ಲೆಫ್ಟಿನೆಂಟ್ ಗ್ರ್ಯಾಂಟ್‌ಗ ಬ್ರಿಟಿಷರ ಎಲ್ಲಾಕ್ಕಿಂತ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅವನ ಬೆನ್ನಿಗೇ ಹತ್ತಿದ ಹವಾಲ್ದಾರ್ ಕರ್ಬೀರ್ ಪುನ್‌ಗ ಇಂಡಿಯನ್ ಆರ್ಡರ್ ಆಫ್ ಮೆರಿಟ್. ಯಾಕಂದ್ರ ನಮ್ಮ ಸಿಪಾಯಿಗಳಿಗೆ ಆ ಕ್ರಾಸ್ ಕೊಡಬಹುದು ಅಂತ ಆಗಿದ್ದು 1911ರಾಗ!

ಮ್ಯಾಲಿನ ಮ್ಯೂಸಿಯಂನಾಗ ಇದನ್ನೆಲ್ಲ ಚೀನಾ ಸರಕಾರದ ಧಾಟಿಯಾಗ ಹೇಳ್ತಾರ, ‘ಮಾತೃಭೂಮಿ’ ಅಂತೆಲ್ಲ. ಅದನ್ನ ಸೋಸಿ ತಗೋರಿ. ಆದ್ರ ಆ ದಂಡಿನಾಗ ಬಿಳಿಯರಿಗಿಂತ ಸಿಖ್, ಗೂರ್ಖಾ, ಪಠಾಣರ ಹೆಚ್ಚು ಅನ್ನೂದು ಸುಳ್ಳಲ್ಲ. ನಮ್ಮ ಗೈಡ್ ಒಡದ ಗ್ವಾಡಿ ತೋರಿಸಿ, ನಮ್ಮ ಮಾರಿ ನೋಡಿ, ‘ಇಂಡಿಯಾ?’ ಅಂತ ನಕ್ಕ. ನನಗ ತಿರುಗಿ ನಗಾಕ ಬರಲಿಲ್ಲ.

ಶಿವಮೊಗ್ಗದಿಂದ

ನನ್ನ ಅಮ್ಮ ಕೋಟೆ ಹತ್ತಲಿಲ್ಲ, ಅದಕ್ಕೆ ಬೇಜಾರೂ ಮಾಡ್ಕೊಳ್ಳಲಿಲ್ಲ. ಮಠದೊಳಗಿನ ಕುಂಬುಂ ಸ್ತೂಪ ಅವರಿಗೆ ಸಾಕಾಯ್ತು. 1427ರಲ್ಲಿ ಶುರುವಾದ ಕಟ್ಟಡ, ಅಂತಸ್ತಿನ ಮೇಲೆ ಅಂತಸ್ತು, ಒಂದೊಂದರಲ್ಲೂ ಪುಟ್ಟ ಪುಟ್ಟ ಗುಡಿ, ಗೋಡೆ ತುಂಬ ಚಿತ್ರ. ಪ್ರದಕ್ಷಿಣೆ ಹಾಕ್ತಾ ಮೇಲೇರೋದು. ಸಾಕು ಅನ್ನಿಸಿದ ಅಂತಸ್ತಿಗೆ ನಿಲ್ಲಿಸಬಹುದು, ಕೋಟೆಯಲ್ಲಿ ಆ ಅನುಕೂಲ ಇಲ್ಲ. ಟಾರ್ಚ್ ಒಯ್ಯಿರಿ, ಒಳಗೆ ಕತ್ತಲು.

ಎತ್ತರದ ಕಾಯಿಲೆ ತಡೆಯೋ ಡೈಮಾಕ್ಸ್ ಮಾತ್ರೆ ತಗೊಳ್ಳೋದಿದ್ರೆ ಅಪ್ಪನ ಬಿಪಿ, ಕಿಡ್ನಿ, ಸಲ್ಫಾ ಅಲರ್ಜಿ ಎಲ್ಲ ನೋಡಿ ಡಾಕ್ಟರೇ ಬರೆದುಕೊಡಬೇಕು. ನಮ್ಮ ಜೊತೆ ಬಂದ ಒಬ್ಬರು ತಲೆನೋವು ಬಚ್ಚಿಟ್ಟು ಬಚ್ಚಿಟ್ಟು ಶಿಗಾಟ್ಸೆಯಲ್ಲಿ ಆಸ್ಪತ್ರೆ ಸೇರಿದ್ರು. ಹಟ ಇರೋ ಅಪ್ಪಂದಿರು ಹೀಗೇ ಮಾಡೋದು, ಗಮನ ಇರಲಿ.

ಕುಶಾಲನಗರದಿಂದ

ಒಂದೇ ಮಾತು. ಬೈಲಕುಪ್ಪೆಯಲ್ಲಿ ಕೊಂಡ ದಲೈ ಲಾಮಾ ಫೋಟೋ, ಲಾಕೆಟ್, ಪುಸ್ತಕ ಯಾವುದೂ ಬ್ಯಾಗಿನಲ್ಲಿ ಬೇಡ. ಫೋನಿನಲ್ಲಿದ್ದರೂ ತೆಗೆದುಹಾಕಿ. ನಿಮಗಿಂತ ಹೆಚ್ಚಾಗಿ ನಿಮ್ಮ ಗೈಡ್‌ಗೆ ತೊಂದರೆ. ‘ನಮ್ಮೂರಲ್ಲೂ ತಾಶಿ ಲುಂಪೊ ಇದೆ’ ಅಂತ ಶಿಗಾಟ್ಸೆಯ ಮಠದಲ್ಲಿ ಹೇಳೋಕೆ ನನ್ನ ನಾಲಿಗೆ ತುರಿಸ್ತಿತ್ತು. 1972ರಲ್ಲಿ ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿದ್ದು ಅದೇ ಮಠವನ್ನಲ್ವಾ! ಸುಮ್ಮನಿದ್ದೆ.

ಸಿಂಗಪುರದಿಂದ

ನಾವು ಹೋದ ದಿನ ಕೋಟೆ ಬಾಗಿಲೇ ಮುಚ್ಚಿತ್ತು, ಏಜೆನ್ಸಿ ಮೊದಲೇ ಹೇಳಿರಲಿಲ್ಲ. ಹಿಂದಿನ ಸಂಜೆಯೇ ಗೈಡ್ ಕೈಲಿ ವಿಚಾರಿಸಿ. ಮುಚ್ಚಿದ್ದರೆ ಹಳೇ ಪೇಟೆಯ ಬೀದಿಯಲ್ಲಿ ನಡೀರಿ. ಮನೆ ಬಾಗಿಲಲ್ಲಿ ಹಸು ಕಟ್ಟಿರ್ತಾರೆ, ಗೋಡೆಗೆ ಬೆರಣಿ ತಟ್ಟಿರ್ತಾರೆ, ತಲೆ ಎತ್ತಿದರೆ ಮೇಲೆ ಕೋಟೆ. ನನ್ನ ಒಳ್ಳೆಯ ಫೋಟೋಗಳೆಲ್ಲ ಅಲ್ಲಿಂದಲೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಗ್ಯಾಂಟ್ಸೆಯಲ್ಲಿ ಒಂದು ರಾತ್ರಿ ಸೇರಿಸಿದೆ, ಶಿಗಾಟ್ಸೆಯಲ್ಲಿ ಒಂದು ಕಡಿಮೆ ಮಾಡಿದೆ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕುಂಬುಂಗೆ ಒಪ್ಪಿದರು. ಏಣಿ ವಿಷಯ ಬಂದಾಗ ಮಾತ್ರ ‘ಅಲ್ಲಿ ಹೋಗಿ ನೋಡೋಣ’ ಅಂದರು. ಅಂದ್ರೆ ಹತ್ತುತ್ತಾರೆ ಅಂತ ಅರ್ಥ.

ಬೆಂಗಳೂರಿನಿಂದ

ಹಾಗಾದ್ರೆ ಹತ್ತುವಾಗ ನೀವು ಹಿಂದೆ ಇರಿ, ಇಳಿಯುವಾಗ ನೀವು ಮೊದಲು ಇಳೀರಿ. ಅವರು ಏಣಿಗೆ ಮುಖ ಮಾಡಿ ಹಿಮ್ಮುಖವಾಗಿ ಬರಲಿ, ಅಟ್ಟದಿಂದ ಇಳಿದ ಹಾಗೆ.