ಹಬ್ಬದ ದಿನ ಮನೆಯಲ್ಲೇ ಇಪ್ಪತ್ತು ಜನಕ್ಕೆ ಊಟ, ಅನುಭವ ಇದ್ದವರು ಹೇಳಿ

ಹಬ್ಬಕ್ಕೆ ನೆಂಟರು, ಗೆಳೆಯರು ಸೇರಿ ಇಪ್ಪತ್ತು ಜನ ಮಧ್ಯಾಹ್ನ ಊಟಕ್ಕೆ ಬರ್ತಿದ್ದಾರೆ. ಇಷ್ಟು ಜನಕ್ಕೆ ಒಟ್ಟಿಗೆ ಅಡುಗೆ ಮಾಡಿ ಗೊತ್ತಿಲ್ಲ. ಇರೋದು ಎರಡು ಒಲೆ, ಒಂದು ಸಣ್ಣ ಫ್ರಿಜ್ಜು. ಹೊರಗಿಂದ ತರಿಸೋಕೆ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಏನೇನು ಅಡುಗೆ ಅಂತ ಬರೆಯೋ ಮೊದಲು ಒಲೆ ಲೆಕ್ಕ ಹಾಕಿ. ಬಡಿಸೋಕೆ ಮುಂಚಿನ ಒಂದು ಗಂಟೆಯಲ್ಲಿ ಒಲೆ ಮೇಲೆ ಇರಲೇಬೇಕಾದ್ದು ಏನು? ಎರಡಕ್ಕಿಂತ ಹೆಚ್ಚಿದ್ದರೆ ಪಟ್ಟಿಯಿಂದ ಕಿತ್ತುಹಾಕಿ, ಎಷ್ಟೇ ಇಷ್ಟದ್ದಾಗಿರಲಿ. ಕರಿಯೋದು ಒಂದೇ ಬಗೆ ಸಾಕು. ಎಲ್ಲರೂ ಕೂತ ಮೇಲೂ ಬಾಣಲೆ ಮುಂದೆ ನಿಂತವರಿಗೆ ಬಂದವರ ಹತ್ತಿರ ಮಾತಾಡೋಕೇ ಆಗಲ್ಲ. ಸಿಹಿ, ಮಸಾಲೆ ರುಬ್ಬೋದು ಎಲ್ಲ ಹಿಂದಿನ ದಿನವೇ ಮುಗೀಲಿ.

ಐದು ಜನರ ಅಡುಗೆ ಕುದಿಯೋ ಹೊತ್ತಲ್ಲಿ ಇಪ್ಪತ್ತು ಜನರದ್ದು ಕುದಿಯಲ್ಲ. ಪಾತ್ರೆಯಲ್ಲಿರೋದು ನಾಲ್ಕು ಪಟ್ಟು, ಉರಿ ಮಾತ್ರ ಅಷ್ಟೇ. ಆವಿಯಾಗಿ ಹೋಗೋದೂ ನಾಲ್ಕು ಪಟ್ಟಾಗಲ್ಲ, ಅದಕ್ಕೇ ನೀರನ್ನ ನಾಲ್ಕು ಪಟ್ಟು ಸುರಿದರೆ ನೀರುನೀರಾಗುತ್ತೆ. ಮೂರು ಪಟ್ಟು ಹಾಕಿ ನೋಡ್ಕೊಳ್ಳಿ. ಉಪ್ಪು, ಖಾರಕ್ಕೂ ಇದೇ ಮಾತು. ಅಕ್ಕಿ ತಲೆಗೆ 75 ಗ್ರಾಂ, ಅಂದರೆ ಒಂದೂವರೆ ಕಿಲೋ. ಬೇರೆ ಐಟಂ ಕಮ್ಮಿ ಇದ್ದರೆ ಎರಡು ಕಿಲೋ. ಎರಡು ಸಲವಾಗಿ ಮಾಡಿ, ಮೊದಲನೇದು ಹಾಟ್‌ಬಾಕ್ಸಿಗೆ ಹೋಗಲಿ.

ಉತ್ತರ 2: ಬೆಂದ ಮೇಲೆ ಅಡುಗೆ ಎಷ್ಟು ಹೊತ್ತು ಹೊರಗಿರುತ್ತೆ ಅನ್ನೋದನ್ನೂ ಯೋಚಿಸಿ. ಹಬ್ಬದೂಟ ಹೇಳಿದ ಹೊತ್ತಿಗೆ ಶುರುವಾಗಿದ್ದನ್ನ ನಾನಂತೂ ಕಂಡಿಲ್ಲ! 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ, ಉಗುರುಬೆಚ್ಚಗಿನ ಪಾತ್ರೆ ಅಂದರೆ ಅದೇ. ಹಾಗೆ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅನ್ನದ ವಿಷಯದಲ್ಲಿ ಇನ್ನೂ ಜೋಪಾನ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯಲ್ಲ, ಅವು ಮೊಳೆತು ಬಿಡೋ ವಾಂತಿ ತರಿಸೋ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಉಳಿದದ್ದನ್ನ ಅಗಲ ತಟ್ಟೆಗೆ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್ಜಿಗಿಡಿ. ಪಾತ್ರೆ ಸಮೇತ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ.

ಉತ್ತರ 3: ಫ್ರಿಜ್ಜು ಸಣ್ಣದು ಅಂದ್ರಲ್ಲ, ನೀರು, ಜ್ಯೂಸಿನ ಬಾಟಲಿ ಒಂದೂ ಒಳಗೆ ಬೇಡ. ಬಕೆಟ್ಟಿಗೆ ಐಸ್ ಹಾಕಿ ನೀರು ಸುರಿದು ಅದರಲ್ಲಿಡಿ. ಬರೀ ಐಸಿಗಿಂತ ಬೇಗ ತಣ್ಣಗಾಗುತ್ತೆ.

ಉತ್ತರ 4: ಬರೋರಿಗೆ ಯಾವ ಪದಾರ್ಥ ಆಗಲ್ಲ ಅಂತ ಈಗಲೇ ಫೋನ್ ಮಾಡಿ ಕೇಳಿ. ಕಡಲೇಕಾಯಿ ಅಲರ್ಜಿ ಇದ್ದವರಿಗೆ ಅದನ್ನ ತಿರುವಿದ ಸೌಟೂ ಆಗಲ್ಲ. ಮತ್ತೆ, "ಏನಾದ್ರೂ ಮಾಡ್ಲಾ?" ಅಂತ ಅಡುಗೆಮನೆಗೆ ಬಂದವರಿಗೆ "ಪರವಾಗಿಲ್ಲ, ಕೂತ್ಕೊಳ್ಳಿ" ಅನ್ನಬೇಡಿ. ನೀರು ತುಂಬಿಸೋದು, ತಟ್ಟೆ ಒರೆಸೋದು, ಏನೋ ಒಂದು ಕೈಗೆ ಕೊಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಲೆ ಲೆಕ್ಕ ಹಾಕಿದೆ, ಕೊನೇ ಗಂಟೆಗೆ ಐದು ಐಟಂ ಬಿತ್ತು! ಎರಡು ತೆಗೆದೆ, ಒಂದನ್ನ ಹಿಂದಿನ ದಿನಕ್ಕೆ ತಳ್ಳಿದೆ. ದೊಡ್ಡ ಪಾತ್ರೆ ಇಲ್ಲ, ಬಾಡಿಗೆಗೆ ತರಲಾ?

ಉತ್ತರ 1: ಮೊದಲು ಅಕ್ಕಪಕ್ಕದಲ್ಲಿ ಕೇಳಿ. ತರೋ ಮುಂಚೆ ಪಾತ್ರೆ ಅಗಲ ಅಳೆದುಬಿಡಿ. ಎರಡು ಪಕ್ಕಪಕ್ಕ ಕೂರಲಿಲ್ಲ ಅಂದ್ರೆ ನಿಮಗಿರೋದು ಒಂದೇ ಒಲೆ.