ಸಹಾಯ ಬೇಕು: ಪೇಟೆಂಟ್ ನವೀಕರಣ ಶುಲ್ಕದ ಗಡುವು ತಪ್ಪಿದೆ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳೆಯ ಸೇರಿ ಮಾಡಿದ ಒಂದು ವಾಲ್ವ್‌ಗೆ ಮೂರು ದೇಶಗಳಲ್ಲಿ ಪೇಟೆಂಟ್ ಇದೆ. ಅದರಲ್ಲಿ ಒಂದು ಕಡೆ ಈ ವರ್ಷದ ನವೀಕರಣ ಶುಲ್ಕ ಕಟ್ಟುವುದು ಮರೆತೇಹೋಯಿತು. ಗಡುವು ಮುಗಿದು ಎರಡು ತಿಂಗಳಾಗಿದೆ. ನೆನಪಿಸುವ ಪತ್ರ ನಾವು ತೆರೆಯದ ಹಳೇ ಇಮೇಲ್‌ಗೆ ಬಂದು ಕೂತಿತ್ತು. ತಪ್ಪು ನಮ್ಮದೇ.

ಪ್ಯಾರಿಸ್ ಒಪ್ಪಂದದ (ಹವಾಮಾನದ್ದಲ್ಲ, ಪೇಟೆಂಟ್‌ನಂಥ ಹಕ್ಕುಗಳ ಬಗ್ಗೆ ದೇಶಗಳು ಮಾಡಿಕೊಂಡದ್ದು) ಪ್ರಕಾರ ಗಡುವು ಮುಗಿದ ಮೇಲೂ ಕನಿಷ್ಠ 6 ತಿಂಗಳ ಅವಕಾಶ ಕೊಡಬೇಕಂತೆ, ಹೆಚ್ಚುವರಿ ಶುಲ್ಕ ಸೇರಿಸಿ ಕಟ್ಟಬಹುದಂತೆ. ಓದಿದ ಮೇಲೆ ಹೋದ ಜೀವ ಬಂದ ಹಾಗಾಯ್ತು. ಹೀಗೆ ತಡವಾಗಿ ಕಟ್ಟಿದವರು ಯಾರಾದರೂ ಇದ್ದೀರಾ? ತಡವಾದದ್ದಕ್ಕೆ ಕಾರಣ ಬರೆದುಕೊಡಬೇಕಾ, ಅಥವಾ ಸುಮ್ನೆ ಹಣ ಕಟ್ಟಿದರೆ ಸಾಕಾ?

ಇನ್ನೊಂದು ಗೊಂದಲ. ಅಮೆರಿಕದಲ್ಲಾದರೆ ಪೇಟೆಂಟ್ ಸಿಕ್ಕ ಮೇಲೆ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಕ್ಕೆ, ಒಟ್ಟು ಮೂರೇ ಸಲ ಕಟ್ಟುವುದು. ಉಳಿದ ಎರಡು ಕಡೆ ಪ್ರತಿ ವರ್ಷ, ಅದೂ ವರ್ಷ ಕಳೆದಂತೆ ಜಾಸ್ತಿ. ಹೀಗೆ ಪೇಟೆಂಟ್‌ನ ಪೂರ್ತಿ ಅವಧಿ, ಅಂದರೆ 20 ವರ್ಷ, ಎಳೆಯುವುದು ಕಷ್ಟ. ಒಂದು ದೇಶದಲ್ಲಿ ನಮಗೆ ಮಾರಾಟವೇ ಇಲ್ಲ. ಅಲ್ಲಿ ಬಿಟ್ಟುಬಿಡೋಣ ಅಂತಾನೆ ಗೆಳೆಯ. ನನಗೆ ಮನಸ್ಸಿಲ್ಲ. ಬಿಟ್ಟರೆ ನಾಳೆ ಬೇಕೆಂದರೂ ಸಿಗಲ್ಲ, ಅಲ್ವಾ? ನೀವು ಹೇಗೆ ನಿರ್ಧರಿಸಿದಿರಿ?

ಅಂದಹಾಗೆ, ಸರ್ಕಾರಿ ಕಚೇರಿಯದೇ ಅನ್ನಿಸುವ ಒಂದು ಬಿಲ್ಲೂ ಬಂದಿದೆ. ಮೊತ್ತ ವಿಪರೀತ. ಇಂಥ ಮೋಸದ ಪತ್ರಗಳ ಬಗ್ಗೆ ಕೇಳಿದ್ದೇನೆ, ಹಾಗಾಗಿ ಕಟ್ಟಿಲ್ಲ. ಅಸಲಿಯೋ ನಕಲಿಯೋ ಪತ್ತೆ ಮಾಡುವುದು ಹೇಗೆ ಅಂತಲೂ ತಿಳಿಸಿ.